ನೋಡೂಣು ಅಂದರು ಡಾಕ್ಟರು

ಡಾಕ್ಟರು "ನೋಡೂಣು" ಅಂದದ್ದೇ ತಪ್ಪಾಯಿತು. ಬೇರೆ ಯಾವ ಮಾತು ಆಡಿದ್ದರೂ ನಾನು ನನ್ನ ಪಾಡಿಗೆ ಹಾಲು ಬತ್ತಿಸಿ ಖವಾ ಮಾಡಿಕೊಂಡು, ಪೇಡೆ ಕಟ್ಟಿಕೊಂಡು, ಕಾಯಿಲೆಯನ್ನು ಹೇಗೋ ಸಂಭಾಳಿಸಿಕೊಂಡು ಇದ್ದುಬಿಡುತ್ತಿದ್ದೆ. ಆದರೆ ಆ ಪುಣ್ಯಾತ್ಮ ಪರವೂರಿನವರು. ಅವರ ಕಡೆ ನೋಡೂಣು ಅಂದರೆ ಸದ್ಯಕ್ಕೆ ಏನೂ ಮಾಡುವುದು ಬೇಡ ಎಂದು ಅರ್ಥವಂತೆ. ಹೆಣ್ಣು ಕೇಳಲು ಬಂದವರು ಮನಸ್ಸಿಗೆ ಬಾರದಿದ್ದರೂ ಅಲ್ಲಿ ನೋಡೂಣು ಅಂದೇ ಕಳಿಸುತ್ತಾರಂತೆ. ನಮ್ಮೂರಿನಲ್ಲಿ ಹಾಗಿಲ್ಲ. ನೋಡೂಣು ಅಂದಮೇಲೆ ನೋಡಲೇಬೇಕು.

ಆದದ್ದು ಇಷ್ಟು. ನನ್ನ ಕುತ್ತಿಗೆಯ ಪಕ್ಕ ಅವರೆಕಾಳಿನಷ್ಟು ಗಂಟೊಂದು ಕೈಗೆ ಸಿಗುತ್ತಿತ್ತು. ನೋವಿಲ್ಲ, ಜ್ವರವಿಲ್ಲ, ಮೈಯಲ್ಲಿ ಸ್ವಲ್ಪ ಸುಸ್ತು. ನಮ್ಮ ಮನೆಯವರು, ಗುರುಪಾದಪ್ಪನವರು, ಬಸ್ಸು ಹತ್ತಿಸಿ ದೊಡ್ಡೂರಿಗೆ ಕರೆದುಕೊಂಡು ಹೋದರು. ಅಲ್ಲಿನ ಹಲಗೇರಿ ಡಾಕ್ಟರು ರಕ್ತ ತೆಗೆಸಿದರು, ಮತ್ತೊಮ್ಮೆ ತೆಗೆಸಿದರು, ಕೊನೆಗೆ ಕುರ್ಚಿ ಮುಂದಕ್ಕೆ ಎಳೆದುಕೊಂಡು ಹೇಳಿದರು.

"ಅಮ್ಮಾರ, ಇದು ರಕ್ತದ ಕ್ಯಾನ್ಸರ್. ಹೆದರಬ್ಯಾಡ್ರಿ, ಪೂರ್ತಿ ಕೇಳ್ರಿ. ಭಾಳ ಸಾವಕಾಶ ಬೆಳಿಯೂ ಜಾತಿದು ಇದು. ಎಷ್ಟೋ ಮಂದಿ ಇದರ ಕೂಡನ ವರ್ಷಗಟ್ಟಲೆ ಬಾಳೇ ಮಾಡತಾರ. ಈಗ ಔಷಧ ಕೊಟ್ರ ಉಪಯೋಗಕ್ಕಿಂತ ತ್ರಾಸನ ಜಾಸ್ತಿ. ಮೂರು ತಿಂಗಳಿಗೊಮ್ಮೆ ಬಂದು ರಕ್ತ ತಪಾಸ ಮಾಡಿಸ್ರಿ. ಸದ್ಯಕ್ಕ ನೋಡೂಣು."

ನನ್ನ ತಲೆ ಕ್ಯಾನ್ಸರ್ ಎಂಬ ಮಾತಿನಲ್ಲೇ ನಿಂತಿತ್ತು. ಮುಂದಿನದು ಅರ್ಧ ಕೇಳಿಸಿತು, ಅರ್ಧ ಇಲ್ಲ. ಆದರೆ ಕೊನೆಯ ಮಾತು ಕಿವಿಗೆ ಬಿದ್ದದ್ದೇ ನಮ್ಮ ಮನೆಯವರು ಎದ್ದು ನಿಂತು ಅಂಗಿಯ ತೋಳು ಏರಿಸಿದರು.

"ಎಷ್ಟು ಮಂದಿ ಬೇಕಾಗತೈತ್ರಿ?"

"ಯಾತಕ್ಕ?"

"ನೋಡಾಕ."

ಡಾಕ್ಟರು ನಕ್ಕರು. "ನಾ ಒಬ್ಬನ ಸಾಕಲ್ರೀ."

"ನೀವು ಇಲ್ಲಿ ಕುಂತು ಹ್ಯಾಂಗ ನೋಡತೀರಿ ಸಾಹೇಬ್ರ? ಇರಲಿ ಬಿಡ್ರಿ, ಅದನ್ನ ನಾವು ನೋಡ್ಕೋತೀವಿ."

ಎಂಥ ಜವಾಬ್ದಾರಿಯ ಗಂಡ ಎಂದುಕೊಂಡರೋ ಏನೋ, ಡಾಕ್ಟರು ಇವರ ಭುಜ ತಟ್ಟಿ ಕಳಿಸಿದರು.

ನಮ್ಮೂರಿನ ರೀತಿ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ಇಲ್ಲಿ ನೋಡುತ್ತಿರುವಷ್ಟು ಹೊತ್ತು ಬೆಳೆಯುವುದು ಬೆಳೆಯುವುದಿಲ್ಲ, ಉಕ್ಕುವುದು ಉಕ್ಕುವುದಿಲ್ಲ, ಬೀಳುವುದು ಬೀಳುವುದಿಲ್ಲ. ಕುಂಬಳಬಳ್ಳಿಗೆ ನೀರು ಹಾಕುವವರು ಬೆನ್ನು ಮಾಡಿ ನಿಂತು ಹಾಕುತ್ತಾರೆ. ಶಾಲೆಯಲ್ಲಿ ಕೊನೆಯ ತಾಸು ಬಂದರೆ ಮಾಸ್ತರರು ಗಡಿಯಾರಕ್ಕೆ ಟವೆಲ್ ಹೊದಿಸುತ್ತಾರೆ. ಹುಡುಗರೆಲ್ಲ ಅದನ್ನೇ ನೋಡುತ್ತ ಕೂತರೆ ಶಾಲೆ ಬಿಡುವುದು ಯಾವಾಗ? ಹೊಸದಾಗಿ ಹಡೆದವರಿಗೆ ಹಿರಿಯರು "ಕೂಸಿನ ಮಾರಿ ಅಷ್ಟ ನೋಡಬ್ಯಾಡ, ಗಿಡ್ಡ ಉಳದೀತು" ಎಂದು ಗದರುತ್ತಾರೆ. ಊರೊಳಗೆ ಬರುವಲ್ಲಿ ಅಗಸಿ ಎಂಬ ಕಲ್ಲಿನ ಹಳೆಯ ಹೆಬ್ಬಾಗಿಲೊಂದಿದೆ, ಮುದುಕಿಯ ಹಲ್ಲಿನ ಹಾಗೆ ಮುಂದಕ್ಕೆ ವಾಲಿದೆ. ಅದನ್ನು ನಮ್ಮ ಮಾವನವರ ಕಾಲದಿಂದ ನೋಡಿ ನೋಡಿಯೇ ನಿಲ್ಲಿಸಿದ್ದಾರೆ. ಆ ಕೆಲಸ ಈಗ ನಮ್ಮ ಮನೆಯವರದು. ಎದುರಿನ ಕಟ್ಟೆಯ ಮೇಲೆ ಇನ್ನೊಬ್ಬರ ಜೊತೆ ಕೂತು ಸಂಜೆಯವರೆಗೆ ನೋಡುತ್ತಾರೆ, ಆಮೇಲೆ ಬೇರೆಯವರು ಬರುತ್ತಾರೆ. ರೆಪ್ಪೆ ಹೊಡೆಯಬೇಕಾದರೆ ಪಕ್ಕದವನಿಗೆ "ಹಿಡಿ" ಅನ್ನಬೇಕು, ಅವನು "ಹಿಡದೆ" ಅಂದಮೇಲೆಯೇ ಕಣ್ಣು ಮುಚ್ಚಬೇಕು.

ನನ್ನ ಕೆಲಸ ಇದಕ್ಕೆ ತದ್ವಿರುದ್ಧ. ಖವಾ ಕಾಸುವವಳು ಕಡಾಯಿಯ ಕಡೆ ನೋಡಿದಳೋ ಕೆಟ್ಟಳು. ಹಾಲು ಹಾಲಾಗಿಯೇ ಉಳಿಯುತ್ತದೆ. ಗೋಡೆಗೆ ಮುಖ ಮಾಡಿ, ಕೈ ಹಿಂದಕ್ಕೆ ಚಾಚಿ ಸಟ್ಟುಗ ಆಡಿಸುತ್ತಿರಬೇಕು. ಸದ್ದು ಬದಲಾಗುತ್ತದೆ, ವಾಸನೆ ಬದಲಾಗುತ್ತದೆ, ಆಗ ತಿಳಿಯುತ್ತದೆ. ಗುರುಪಾದಪ್ಪ ನೋಡಿ ಉಣ್ಣುವವ, ಕಾಶವ್ವ ನೋಡದೆ ಉಣ್ಣುವವಳು ಎಂದು ಊರಿನವರು ನಗುತ್ತಿದ್ದರು.

ಬಸ್ಸಿನಿಂದ ಇಳಿದದ್ದೇ ತಡ, ನಮ್ಮ ಮನೆಯವರು ಅಗಸಿ ಕಟ್ಟೆಯ ಮೇಲೆ ನಿಂತು ಕೂಗಿ ಹೇಳಿಬಿಟ್ಟರು. "ನಮ್ಮ ಕಾಶಿಗೆ ರಕ್ತದ ಕ್ಯಾನ್ಸರ್ ಆಗೇತಿ. ಬೆಳಿಯೂದು ಸಾವಕಾಶ ಅಂತ. ನೋಡೂಣು ಅಂದಾರ ಡಾಕ್ಟರು."

ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಅಂಗಳದ ತುಂಬ ಜನ. ಕೆಲವರು ಕೂರಲು ಗೋಣಿತಟ್ಟು ತಂದಿದ್ದರು. ಒಬ್ಬ ಮಹಾಶಯ ಮನೆಯಿಂದ ಕುರ್ಚಿಯನ್ನೇ ಹೊತ್ತು ತಂದಿದ್ದ. ನಾನು ಹಲ್ಲುಜ್ಜಿದೆ, ನೋಡಿದರು. ಕಸ ಗುಡಿಸಿದೆ, ಕಾಲು ಎತ್ತಿಕೊಂಡು ನೋಡಿದರು. ರೊಟ್ಟಿ ತಟ್ಟಿದೆ, ನೋಡಿದರು. ನೋಡುತ್ತ ನೋಡುತ್ತ ತಿಂದರು. ಒಬ್ಬಾಕೆ ನನ್ನ ಮೂಗು ತನ್ನ ದೊಡ್ಡತ್ತಿಗೆಯ ಮೂಗಿನ ಹಾಗಿದೆ ಎಂದಳು. ಇನ್ನೊಬ್ಬಾಕೆ, ಅಯ್ಯ, ಆಕೆಯ ಮೂಗು ಚೆಂದಿತ್ತು ಎಂದಳು. ನನ್ನ ಎದುರಿಗೇ ಕೂತು ಇಬ್ಬರು ಮುದುಕಿಯರು ತಮ್ಮ ಮೊಮ್ಮಕ್ಕಳ ಮದುವೆ ನಿಶ್ಚಯ ಮಾಡಿಕೊಂಡರು, ನನ್ನ ಮೇಲಿನ ಕಣ್ಣು ಮಾತ್ರ ತೆಗೆಯಲಿಲ್ಲ. ಉಪಕಾರ ಮಾಡುತ್ತಿರುವವರು ಅವರೋ ನಾವೋ ಎಂದು ನನಗೇ ಅನುಮಾನ ಬಂತು.

ಬಚ್ಚಲಿನ ಮಾತು ಕೇಳಬೇಡಿ. ಅದಕ್ಕೆ ಹೆಂಗಸರದೇ ಬೇರೆ ಸರದಿ. ನೇತೃತ್ವ ನಮ್ಮ ಪಕ್ಕದ ಮನೆಯ ಮಾಬೂಬಿಯದು. ಗಂಡ ತೀರಿಕೊಂಡ ಮೇಲೆ ಆಕೆಗೆ ನಾನೇ ಅಕ್ಕ, ನಾನೇ ಜಗಳಗಂಟಿ. ಬಾಗಿಲು ಹಾಕಿಕೊಳ್ಳಲು ಹೋದರೆ ಕಾಲು ಅಡ್ಡ ಇಟ್ಟಳು.

"ಮಾಬೂಬಿ, ಸರೀತಿಯೋ ಇಲ್ಲೋ? ನನಗೇನ ನಾಚಿಕಿಲ್ಲೇನ?"

"ನಾಚಿಕಿ ನಿನಗಿದ್ರ ನನಗೇನು? ನನಗ ನೀ ಬೇಕು. ನೀರ ಹಾಕ್ಕೋ ಸುಮ್ಕ."

ಇಷ್ಟಕ್ಕೇ ಮುಗಿಯಲಿಲ್ಲ. ಎಲ್ಲರೂ ನನ್ನನ್ನು ನೋಡುವಾಗ ಅರ್ಧ ಕಣ್ಣು ಕಡಾಯಿಯ ಮೇಲೂ ಬೀಳುತ್ತಿತ್ತು. ಬೆಳಿಗ್ಗೆ ಇಟ್ಟ ಹಾಲು ಸಂಜೆಗೂ ಹಾಲೇ. ಒಲೆಗೆ ಕಟ್ಟಿಗೆ ಹಾಕಿ ಹಾಕಿ ನನ್ನ ಮುಖ ಕೆಂಡವಾಯಿತು, ಹಾಲು ಮಾತ್ರ ಬಾವಿಯ ನೀರಿನ ಹಾಗೆ ತಣ್ಣಗೆ ಕೂತಿತ್ತು. ಪೇಡೆ ಇಲ್ಲದೆ ಊರಿನಲ್ಲಿ ಎರಡು ಸೀಮಂತ, ಒಂದು ತೊಟ್ಟಿಲು ಬರೀ ಸಕ್ಕರೆಯಲ್ಲಿ ಮುಗಿದವು. ಒಳ್ಳೆಯದೂ ಆಯಿತು ಅನ್ನಿ. ತಲೆಗೆ ಹಚ್ಚಿದ ಬಣ್ಣದ ಬುಡದಲ್ಲಿ ಒಂದು ಎಳೆಯೂ ಬೆಳ್ಳಗಾಗಲಿಲ್ಲ. ಉಗುರು ಬೆಳೆಯಲಿಲ್ಲ. ಗಲ್ಲದ ಮೇಲೆ ಎದ್ದ ಮೊಡವೆಯೂ ಹಣ್ಣಾಗದೆ ಅಲ್ಲೇ ಬೀಡುಬಿಟ್ಟಿತು, ಅದು ಬೇರೆ ಮಾತು. ಕೂದಲಿನ ಸುದ್ದಿ ಹಬ್ಬಿದ ಮೇಲೆ ಓಣಿಯ ಮೂವರು ಹೆಂಗಸರಿಗೆ ಒಮ್ಮೆಲೇ ಏನೇನೋ ಕಾಯಿಲೆ ಕಾಣಿಸಿಕೊಂಡವು. ನಮ್ಮನ್ನೂ ಯಾರಾದರೂ ನೋಡ್ರಿ ಎಂದು ಜಗಲಿಯ ಮೇಲೆ ಬಂದು ಕೂತರು.

ಜಾತ್ರೆ ಎಷ್ಟು ದಿನ? ಒಂದು ಮುಂಜಾನೆ ಅಗಸಿಯ ಕಡೆಯಿಂದ "ವಾಲಿತಲೇ, ವಾಲಿತು!" ಎಂದು ಕೂಗು ಕೇಳಿಸಿತು. ನೋಡುವವರೆಲ್ಲ ನಮ್ಮ ಮನೆಯಲ್ಲಿ ಕೂತರೆ ಅದಕ್ಕೇನು ಬಂಧನ, ಗೇಣುದ್ದ ಮುಂದಕ್ಕೆ ಬಂದಿತ್ತು. ಗೋಣಿತಟ್ಟು ಕೊಡವಿಕೊಂಡು ಎಲ್ಲರೂ ಅಲ್ಲಿಗೆ ಓಡಿದರು. ಹೋದವರು ತಿರುಗಿ ಬರಲಿಲ್ಲ. ಕುರ್ಚಿಯವನು ಮಾತ್ರ ಕುರ್ಚಿ ಒಯ್ಯಲು ಬಂದ.

ಉಳಿದವರು ಇಬ್ಬರೇ. ಮಾಬೂಬಿಗೆ ಅವಳ ಮನೆ, ಕೋಳಿ, ಕೆಲಸ. ಹಾಗಾಗಿ ನಿಜವಾಗಿ ಉಳಿದವರು ನಮ್ಮ ಮನೆಯವರು. ಅಗಸಿ ಬಿಟ್ಟು, ಒಂದು ಮಣೆ ಹಾಕಿಕೊಂಡು ನನ್ನ ಎದುರಿಗೆ ಕೂತುಬಿಟ್ಟರು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಎಂದು ಜನ ಸುಮ್ಮನೆ ಅನ್ನುತ್ತಾರೆ; ಇವರು ನಿಜವಾಗಿಯೇ ಹರಳೆಣ್ಣೆ ಬಿಟ್ಟುಕೊಂಡರು. ಮಾಬೂಬಿ ಬಂದಾಗ "ಹಿಡಿಯವ್ವಾ" ಎಂದು ಕೂಗಿ, ಆಕೆ "ಹಿಡದೆ ಅಣ್ಣಾ" ಅಂದಮೇಲೆ ಅಷ್ಟು ಹೊತ್ತು ಒರಗುತ್ತಿದ್ದರು. ಆಕೆ ಇಲ್ಲದಾಗ ಎರಡು ಬೆರಳಿನಿಂದ ರೆಪ್ಪೆ ಅಗಲಿಸಿ ಹಿಡಿದುಕೊಳ್ಳುತ್ತಿದ್ದರು.

ಒಂದು ಮಾತು ಹೇಳಲೇಬೇಕು. ಮದುವೆಯಾದಾಗಿನಿಂದ ಈ ಮನುಷ್ಯ ನನ್ನನ್ನು ಮುಖ ಎತ್ತಿ ನೋಡಿದವರಲ್ಲ. ತಲೆಯ ಮೇಲೆ ಅಕ್ಕಿಕಾಳು ಬೀಳುವಾಗಲೂ ಮದುವೆ ಮಾಡಿಸುವ ಅಯ್ಯನವರ ಕಡೆ ನೋಡುತ್ತ ನಿಂತಿದ್ದರು. ಹಗಲೆಲ್ಲ ಅಗಸಿ, ಸಂಜೆ ತಾಟು, ಆಮೇಲೆ ಕಣ್ಣು ಮುಚ್ಚಿ ನಿದ್ದೆ. ದುಡಿದ ಕಣ್ಣಿಗೆ ವಿಶ್ರಾಂತಿ ಬೇಡವೇ ಎಂದು ನಾನೂ ಸುಮ್ಮನಿದ್ದೆ. ಹೊಸ ಸೀರೆ ಉಟ್ಟು ನಿಂತರೆ "ಸಾರು ಚೊಲೋ ಆಗೇತಿ" ಅನ್ನುವ ಜಾತಿ. ಈಗ ಎದುರಿಗೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದಾರೆ. ಮೊದಮೊದಲು ಮೈಯೆಲ್ಲ ಚುಚ್ಚಿದ ಹಾಗಾಗುತ್ತಿತ್ತು. ಆಮೇಲೆ ಬೆಳಿಗ್ಗೆ ಎದ್ದು ಕುಂಕುಮ ಸರಿಯಾಗಿದೆಯೇ ಎಂದು ಕನ್ನಡಿ ನೋಡಿಕೊಳ್ಳತೊಡಗಿದೆ. ಕ್ಯಾನ್ಸರ್ ಬಂದವಳು ಹೂ ಮುಡಿದಳು ಎಂದು ಮಾಬೂಬಿ ಬಿದ್ದು ಬಿದ್ದು ನಕ್ಕಳು. ನಗಲಿ, ಅವಳಪ್ಪನ ಗಂಟೇನು ಹೋಯಿತು?

ಆದರೆ ಅವರ ಕಣ್ಣು ದಿನದಿನಕ್ಕೆ ಕೆಂಪಾದವು. ಕೆಂಪು ಹೋಗಿ ನೀರು ಸೋರತೊಡಗಿತು. ಒಂದು ದಿನ ನನ್ನನ್ನೇ ನೋಡುತ್ತ ಹಿಂದೆ ಹಿಂದೆ ಬಂದವರು ಕಂಬಕ್ಕೆ ಹಾಯ್ದು ಹಣೆ ಒಡೆದುಕೊಂಡರು. ರಕ್ತ ಒರೆಸಲು ಹೋದರೆ "ಅಡ್ಡ ಬರಬ್ಯಾಡ, ಕಾಣವಲ್ದು" ಎಂದರು. ಮಾಬೂಬಿ ನನ್ನನ್ನು ಹಿತ್ತಲಿಗೆ ಕರೆದು, ನನ್ನ ಮೇಲಿನ ಕಣ್ಣು ತೆಗೆಯದೆಯೇ ಹೇಳಿದಳು.

"ಕಾಶಕ್ಕ, ಹಿಂಗ ನಡೆದ್ರ ಅಣ್ಣನ ಕಣ್ಣ ಹೋಗತಾವ. ನೀನರ ಹೇಳ."

ಹೇಳಬೇಕಿತ್ತು. ಬಾಯಿ ಬರಲಿಲ್ಲ. ನನ್ನ ಜೀವ ತಮ್ಮ ರೆಪ್ಪೆಯ ಮೇಲೆ ನಿಂತಿದೆ ಎಂದು ಅವರು ನಂಬಿದ್ದರು. ನಾನೂ ನಂಬಿದ್ದೆ. ಅವರು ಕಣ್ಣು ತೆಗೆದರೆ ಒಳಗಿರುವುದು ಬೆಳೆಯುತ್ತದೆ, ಬೆಳೆದರೆ ನಾನು ಸಾಯುತ್ತೇನೆ. ನನಗೆ ಸಾಯಲು ಇಷ್ಟವಿರಲಿಲ್ಲ. ಅವರು ಕುರುಡಾಗುವುದೂ ಬೇಡ, ನಾನು ಸಾಯುವುದೂ ಬೇಡ ಎಂದರೆ ಯಾವ ದೇವರು ಒಪ್ಪುತ್ತಾನೆ? ದಿನಾ ಸಂಜೆ ಇವತ್ತು ಹೇಳುತ್ತೇನೆ ಅಂದುಕೊಳ್ಳುತ್ತಿದ್ದೆ. ಅವರು ಆ ಸೋರುವ ಕಣ್ಣಿನಲ್ಲಿ ನೋಡುತ್ತ ಕೂತದ್ದು ಕಂಡರೆ ನಾಳೆ ಹೇಳಿದರಾಯಿತು ಅನಿಸುತ್ತಿತ್ತು.

ತಪಾಸಣೆಯ ಗಡುವು ಹತ್ತಿರ ಬಂದಾಗ ಮಾಬೂಬಿಗೆ ಇನ್ನೊಂದು ಯೋಚನೆ ಹೊಳೆಯಿತು. "ಇಡೀ ಊರ ಕಣ್ಣ ಬಿದ್ದಾವ ನಿನ್ನ ಮ್ಯಾಲ. ದೃಷ್ಟಿ ತಾಗದ ಬಿಟ್ಟೀತೇನು?" ಎಂದು ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ದೃಷ್ಟಿ ಇದ್ದರೆ ಘಾಟು ಬರುವುದಿಲ್ಲ ಅನ್ನುತ್ತಾರೆ. ಘಾಟು ಹೇಗೆ ಬಂತೆಂದರೆ ಬೀದಿಯ ನಾಯಿ ಸಹ ಕೆಮ್ಮುತ್ತ ಓಡಿತು. ನಮ್ಮ ಮನೆಯವರು ಬಾಯಿ ಮುಚ್ಚಿಕೊಂಡರು, ಮೂಗು ಹಿಡಿದುಕೊಂಡರು, ಹಿಡಿ ಎಂದು ಕೈಸನ್ನೆ ಮಾಡಿದರು. ಮಾಬೂಬಿ ಒಲೆಯ ಕಡೆ ತಿರುಗಿದ್ದಳು. ಇವರು ಸೀನಿದರು. ಒಂದಲ್ಲ, ಎರಡಲ್ಲ, ಮೂರು. ಸೀನುವಾಗ ಕಣ್ಣು ತೆರೆದಿಟ್ಟುಕೊಂಡ ಮನುಷ್ಯ ಇನ್ನೂ ಹುಟ್ಟಿಲ್ಲ.

ಅವತ್ತು ಅವರು ಊಟ ಮಾಡಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದರು.

ದೊಡ್ಡೂರಿನಲ್ಲಿ ಹಲಗೇರಿ ಡಾಕ್ಟರು ರಕ್ತದ ರಿಪೋರ್ಟು ನೋಡಿ, "ಬಿಳಿ ಕಣ ಸ್ವಲ್ಪ ಏರ್ಯಾವ್ರಿ. ಚಿಂತಿ ಮಾಡೂವಂಥಾದ್ದೇನಿಲ್ಲ," ಎಂದರು.

ಅಷ್ಟೇ ಸಾಕಾಯಿತು. ನಮ್ಮ ಮನೆಯವರು ಮೇಜಿನ ಮೇಲೆ ತಲೆ ಇಟ್ಟು ಅತ್ತುಬಿಟ್ಟರು. ಅವರು ಅಳುವುದನ್ನು ನಾನು ಅವರವ್ವ ಹೋದಾಗಲೂ ಕಂಡಿರಲಿಲ್ಲ.

"ತಪ್ಪು ನಂದ್ರೀ ಸಾಹೇಬ್ರ. ಸೀನಿದೆ. ಮೂರು ಸಲ ಸೀನಿದೆ."

"ಯಾರಿಗೆ, ನಿಮಗ ನೆಗಡಿ ಆಗೇತೇನು?"

"ಮೆಣಸಿನಕಾಯಿ ಸುಟ್ಟಿದ್ರು. ಕಣ್ಣ ಮುಚ್ಚಿದ್ವು. ಅಷ್ಟರೊಳಗ ಏರ್ಯಾವ್ರಿ ಅವು. ನಾ ಕೊಂದೆ ಆಕಿನ್ನ!"

ಡಾಕ್ಟರು ನನ್ನ ಮುಖ ನೋಡಿದರು. ನಾನು ಎಲ್ಲ ಹೇಳಿದೆ. ಅಗಸಿ, ಹಾಲು, ಕುಂಬಳಬಳ್ಳಿ, ಬಚ್ಚಲು, ಎಲ್ಲ. ಅವರು ಮೊದಲು ನಗಲು ಹೋದರು, ಆಮೇಲೆ ಇವರ ಕಣ್ಣು ನೋಡಿದರು, ನಗು ಬಿಟ್ಟರು. ಎದ್ದು ಬಂದು ಟಾರ್ಚು ಹಾಕಿ ಎರಡೂ ಕಣ್ಣು ಪರೀಕ್ಷೆ ಮಾಡಿ, ಹಚ್ಚಿಕೊಳ್ಳಲು ಮುಲಾಮು ಬರೆದುಕೊಟ್ಟರು. ಆಮೇಲೆ ಇವರ ಪಕ್ಕದ ಕುರ್ಚಿಯಲ್ಲೇ ಕೂತರು.

"ಯಜಮಾನ್ರ, ನಿಮ್ಮೂರ ಪದ್ಧತಿ ನಾ ಅರಿಯೆ. ಆದ್ರ ಇದು ಒಳಗ ಹರಿಯೂ ರಕ್ತ. ಹೊರಗ ಎಷ್ಟ ನೋಡಿದ್ರೂ ನಿಮಗ ಆಕಿ ಚರ್ಮನ ಕಾಣತಿತ್ತು, ರಕ್ತ ಕಾಣತಿರಲಿಲ್ಲ. ನೀವು ಸೀನಿದ್ರೂ ಅದು ಏರತಿತ್ತು, ಸೀನದಿದ್ರೂ ಏರತಿತ್ತು. ಸಾವಕಾಶ ಏರೂ ಜಾತಿನ ಅದು. ಏರಲಿ. ಭಾಳ ಏರಿತಂದ್ರ ಔಷಧ ಐತಿ, ನಾ ಇದೀನಿ. ನೋಡೂದು ಅಂದ್ರ ತಡಿಯೂದಲ್ರೀ."

"ತಡಿಯಾಕಲ್ಲಂದ್ರ ಮತ್ಯಾಕ ನೋಡೂದು?"

"ಗೊತ್ತಿರಲಿ ಅಂತ."

ಇಂಥ ಮಾತು ನಮ್ಮ ಮನೆಯವರು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ತಡೆಯದ ನೋಟ ಯಾವ ಸಂಪತ್ತಿಗೆ? ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತ ಕೂತರು. ಒಮ್ಮೆಯೂ ನನ್ನ ಕಡೆ ತಿರುಗಲಿಲ್ಲ. ನನಗೆ ಸಮಾಧಾನ ಆಗಬೇಕಿತ್ತು. ಕಣ್ಣು ಉಳಿದವು, ನನ್ನ ತಲೆಯ ಮೇಲಿನ ಭಾರವೂ ಇಳಿಯಿತು. ಆದರೆ ಬಿಳಿ ಕಣ ಏರಿವೆ ಅಂದಾಗ ಆಗದ ಸಂಕಟ ಈಗ ಆಯಿತು. ಊರು ಬರುವವರೆಗೂ ಸೆರಗಿನಲ್ಲಿ ಮೂಗು ಒರೆಸಿಕೊಂಡೆ.

ಮನೆಗೆ ಬಂದವರೇ ಹೊಸ್ತಿಲ ಹೊರಗೆ ಬೀದಿಗೆ ಮುಖ ಮಾಡಿ ಕೂತರು. ನಾನು ಸುಮ್ಮನೆ ಕೂರುವವಳಲ್ಲ. ಒಲೆ ಹಚ್ಚಿ, ಎಷ್ಟೋ ದಿನದ ಮೇಲೆ ಕಡಾಯಿಗೆ ಹಾಲು ಸುರಿದು, ಗೋಡೆಗೆ ಮುಖ ಮಾಡಿ ನಿಂತೆ. ಅವರ ಬೆನ್ನು ನನ್ನ ಕಡೆ, ನನ್ನ ಬೆನ್ನು ಕಡಾಯಿಯ ಕಡೆ. ಹಾಲು ಬಿಸಿಯಾಗುವ ಸದ್ದು ಕೇಳಿಸಿತು. ನನ್ನೊಳಗೂ ಎಲ್ಲ ಮತ್ತೆ ಹೊರಟಿತ್ತು. ಗಲ್ಲದ ಮೊಡವೆ ತಟ್ಟನೆ ಉರಿಯಿತು, ನೆತ್ತಿ ತುರಿಸಿತು. ಇನ್ನೊಂದೂ ತನ್ನ ದಾರಿ ಹಿಡಿದಿರಬೇಕು. ಹೆದರಿಕೆಯಾಯಿತು. ಆದರೂ ಸಟ್ಟುಗ ಬಿಡಲಿಲ್ಲ.

ಎಷ್ಟು ಹೊತ್ತು ತಡೆದುಕೊಳ್ಳುವುದು? ಗೋಡೆಗೇ ಕೇಳಿದೆ.

"ಏನ್ರೀ, ನೋಡಿ ಉಪಯೋಗಿಲ್ಲ ಅಂದಕೂಡ್ಲೆ ಬಿಟ್ಟಬಿಟ್ರೇನು?"

ಸಟ್ಟುಗವನ್ನು ಕಡಾಯಿಯ ಅಂಚಿಗೆ ಬಡಿದೆ.

"ನಿಮ್ಮನ್ನ ಕೇಳಾಕತ್ತೀನಿ."

"ಯಾವ ಮಾರಿ ಇಟಕೊಂಡು ನೋಡ್ಲಿ?" ಎಂದರು ಬೀದಿಗೆ. ಆಮೇಲೆ ದನಿ ತಗ್ಗಿಸಿ, "ಮೊದಲ ಎಂಟು ದಿನ ಕಾಯಿಲಿ ಸಂಬಂಧನ ನೋಡಿದೆ, ಕಾಶಿ. ದೇವರಾಣಿ."

"ಆಮ್ಯಾಲ?"

"ಆಮ್ಯಾಲ..." ಕೆಮ್ಮಿದರು. "ಆಮ್ಯಾಲ ಚಟಾ ಹತ್ತಿತು."

ಸಟ್ಟುಗ ನನ್ನ ಕೈಯಿಂದ ಜಾರಿ ಕಡಾಯಿಗೆ ಬಿತ್ತು. ನಾನು ಗೋಡೆ ಬಿಟ್ಟು ಹೊಸ್ತಿಲಿಗೆ ಬಂದು ಅವರ ಎದುರಿಗೆ ಕೂತೆ. ಅವರು ತಲೆ ತಗ್ಗಿಸಿದರು. ಗಲ್ಲ ಹಿಡಿದು ಎತ್ತಿದೆ. ಸೋರುತ್ತಿದ್ದ ಆ ಕಣ್ಣನ್ನು ಸೆರಗಿನಿಂದ ಒರೆಸಿದೆ.

"ನೋಡ್ರಿ ಮತ್ತ," ಎಂದೆ. "ಆದ್ರ ರೆಪ್ಪಿ ಹೊಡಕೋತ ನೋಡ್ರಿ. ಬೆಳಿಯೂದು ಬೆಳೀಲಿ. ನಾ ಇಲ್ಲೇ ಇರತೀನಿ."

ಅವರು ನೋಡಿದರು. ಮೊದಲಿನ ಹಾಗೆಯೇ ಕಣ್ಣು ಕಿಸಿದುಕೊಂಡು, ಉಸಿರು ಬಿಗಿಹಿಡಿದು.

"ಹೊಡೀರಿ ಅಂದ್ನೆಲ್ಲ."

"ಹೆದರಿಕಿ ಬರತೈತಿ."

"ಹೊಡೀರಿ. ಏನ ಆದ್ರೂ ನಿಮ್ಮ ತಲಿಮ್ಯಾಲ ಹಾಕೂದಿಲ್ಲ."

ಅವರಿಗೆ ನನ್ನ ಮಾತಿನ ಮೇಲೆ ಅರ್ಧವೇ ನಂಬಿಕೆ ಬಂದಿರಬೇಕು. ಎಡಗಣ್ಣನ್ನು ಮೆಲ್ಲಗೆ ಮುಚ್ಚಿದರು. ಬಲಗಣ್ಣನ್ನು ಮಾತ್ರ, ಎಲ್ಲಿ ಏನಾದೀತೋ ಎಂದು ಅಗಲವಾಗಿ ತೆರೆದು ನನ್ನ ಮೇಲೇ ಇಟ್ಟುಕೊಂಡರು. ಅದೇ ಹೊತ್ತಿಗೆ ಮಜ್ಜಿಗೆಯ ಚೊಂಬು ಹಿಡಿದು ಪಕ್ಕದ ಮನೆಯಿಂದ ಬರುತ್ತಿದ್ದ ಮಾಬೂಬಿ ಅಲ್ಲೇ ನಿಂತಳು.

"ಯಾ ಅಲ್ಲಾ! ಗುರುಪಾದಣ್ಣಾ, ಹಾಡಹಗಲ ಬೀದ್ಯಾಗ ಕುಂತು ಹೆಣ್ತಿಗೆ ಕಣ್ಣ ಹೊಡಿಯಾಕತ್ತಿಯಲ್ಲೋ!"

ಎದುರುಮನೆಯ ಕಿಟಕಿ ತೆರೆಯಿತು. ಪಕ್ಕದ್ದೂ ತೆರೆಯಿತು. ನಮ್ಮ ಮನೆಯವರ ಮುಖ ಕುಂಕುಮದ ಬಣ್ಣಕ್ಕೆ ತಿರುಗಿತು. ಒಳಗೆ ಯಾರೂ ನೋಡದೆ ಉಳಿದ ಹಾಲು ಉಕ್ಕಿ ಒಲೆಯ ಮೇಲೆ ಚುರ್ ಎಂದು ಸುರಿಯುತ್ತಿತ್ತು.

"ಅಲ್ಲಬೇ, ಆಕಿನ ರೆಪ್ಪಿ ಹೊಡಿ ಅಂದ್ಳು..." ಎಂದು ತೊದಲುತ್ತ ಅವರು ಏಳಲು ಹೋದರು. ನಾನು ಅಂಗಿಯ ತೋಳು ಹಿಡಿದು ಕೂರಿಸಿದೆ.

"ಆಕಿ ನೋಡಿದ್ರ ನೋಡ್ಲಿ," ಎಂದೆ. "ನೀವು ಇನ್ನೊಮ್ಮೆ ಹೊಡೀರಿ."